ಗಾಲಿ ಹಚ್ಚಿದರೆ ಹೊರೆ ಇಳಿಯದು

ಮಕ್ಕಳ ಬೆನ್ನು ಬಾಗುತ್ತಿದೆ, ಗಾಲಿ ಬ್ಯಾಗು ಕೊಡಿಸಿ ಎನ್ನುವವರಿದ್ದಾರೆ. ಬಸವಕಲ್ಯಾಣ, ಹುಮನಾಬಾದಿಗೆ ಸುತ್ತಲ ಹಳ್ಳಿಗಳಿಂದ ಬಸ್ಸು ಹಿಡಿದು ಬರುವ ಮಗುವಿಗೆ ಆ ಗಾಲಿ ಎಲ್ಲಿ ಉರುಳಬೇಕು? ಬಸ್ಸಿನ ಮೆಟ್ಟಿಲಲ್ಲೇ? ಜಲ್ಲಿ ಎದ್ದ ರಸ್ತೆಯಲ್ಲೇ? ಅಲ್ಲೆಲ್ಲ ಕೈಯಲ್ಲೇ ಎತ್ತಬೇಕು. ಪುಸ್ತಕದ ಜೊತೆಗೆ ಗಾಲಿ, ಹಿಡಿಕೆಗಳ ಭಾರವೂ ಸೇರಿತು. ಮೆಟ್ಟಿಲು ಹತ್ತುವಾಗ ಮಕ್ಕಳಿಗೆ ಪೆಟ್ಟಾದೀತೆಂದೇ 2020ರ ರಾಷ್ಟ್ರೀಯ ಶಾಲಾ ಬ್ಯಾಗ್ ನೀತಿ ಗಾಲಿ ಬ್ಯಾಗು ಬೇಡ ಎಂದಿತು.

ಅಗಲ ಪಟ್ಟಿಯ ಹೆಗಲ ಚೀಲವೇ ಇರಲಿ. ಆದರೆ ಅದರೊಳಗೆ ತುಂಬುವವರು ಯಾರು? ಕರ್ನಾಟಕ ಸರ್ಕಾರ 2019ರಲ್ಲೇ ಮಿತಿ ಹಾಕಿದೆ: 1, 2ನೇ ತರಗತಿಗೆ ಹೆಚ್ಚೆಂದರೆ 2 ಕಿಲೋ, 10ನೇ ತರಗತಿಗೂ 5 ಕಿಲೋ. ಮಗುವಿನ ತೂಕದ ಹತ್ತನೇ ಒಂದು ಭಾಗ ಮೀರಬಾರದು. 25 ಕಿಲೋ ಮಗುವಿಗೆ ಎರಡೂವರೆ ಕಿಲೋ. ಕಿರಾಣಿ ಅಂಗಡಿಯಲ್ಲಿರುವ ತಕ್ಕಡಿ ಶಾಲೆಯ ಬಾಗಿಲಲ್ಲಿ ಏಕಿಲ್ಲ? ತರಗತಿಗೊಂದು ಕಪಾಟು, ಪಾಲಿಸುವಂಥ ವೇಳಾಪಟ್ಟಿ ಇದ್ದರೆ ಅರ್ಧ ಪುಸ್ತಕ ಶಾಲೆಯಲ್ಲೇ ಉಳಿಯುತ್ತವೆ.

ಕಾಯಕಕ್ಕೆ ಹೆಸರಾದ ಕಲ್ಯಾಣದಲ್ಲಿ ಎಳೆಯ ಬೆನ್ನಿನ ಈ ಹಮಾಲಿಯನ್ನು ವಿದ್ಯೆ ಎನ್ನಬೇಡಿ. ಗಾಲಿಗೆ ಕೊಡುವ ದುಡ್ಡು ಉಳಿಸಿ. ಮುಂದಿನ ಪಾಲಕರ ಸಭೆಗೆ ತಕ್ಕಡಿ ಒಯ್ಯಿರಿ.