ಹಡಗು ತೊರೆದ ಕಹಳೆಗಾರ

ಇಂಗ್ಲೆಂಡಿನ ಗ್ರೇಟ್ ಯಾರ್ಮತ್‌ನಲ್ಲಿ 1928ರಲ್ಲಿ ಜನಿಸಿದ ಕೆನ್ ಕಾಲ್ಯರ್ ಜಾಝ್ ಸಂಗೀತಕ್ಕೆ ಮರುಳಾದುದು ಗ್ರಾಮಫೋನ್ ತಟ್ಟೆಗಳಿಂದ. ಆದರೆ ತಟ್ಟೆಯ ನಾದ ಆತನಿಗೆ ಸಾಲಲಿಲ್ಲ. ಅದರ ತವರಾದ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಹಿರಿಯ ವಾದಕರ ಮಗ್ಗುಲಲ್ಲಿ ಕುಳಿತು ಕಹಳೆಯೂದಬೇಕೆಂಬ ಹಂಬಲ. ಹೋಗುವ ಬಗೆ? ಸರಕು ಹಡಗಿನಲ್ಲಿ ನಾವಿಕನಾದ. 1952ರಲ್ಲಿ ಅಲಬಾಮದ ಮೊಬೀಲ್ ಬಂದರು ಸೇರಿದೊಡನೆ ಹಡಗಿಗೆ ಬೆನ್ನು ತಿರುಗಿಸಿ ನಡೆದೇಬಿಟ್ಟ.

ಬಿಳಿಯರೂ ಕರಿಯರೂ ಒಂದೇ ವೇದಿಕೆಯಲ್ಲಿ ಕೂಡಿ ನುಡಿಸುವುದು ಆ ಊರಿನಲ್ಲಿ ಅಂದು ನಿಷಿದ್ಧ. ಆದರೂ ಕ್ಲಾರಿನೆಟ್ ವಾದಕ ಜಾರ್ಜ್ ಲೂಯಿಸನ ಕರಿಯರ ಮೇಳ ಈ ಬಿಳಿಯ ತರುಣನಿಗೆ ಎಡೆಯಿತ್ತಿತು. ಆ ಸುಖ ಬಹುಕಾಲ ಉಳಿಯಲಿಲ್ಲ. ವೀಸಾ ಅವಧಿ ಮೀರಿತೆಂದು ಅಧಿಕಾರಿಗಳು ತಿಂಗಳಿಗೂ ಮಿಕ್ಕಿ ಸೆರೆಯಲ್ಲಿಟ್ಟು, 1953ರಲ್ಲಿ ದೇಶದಿಂದ ಹೊರಗಟ್ಟಿದರು.

ಲಂಡನ್ನಿನಲ್ಲಿ ಸಿದ್ಧವಾದ ಮೇಳವೊಂದು ನಾಯಕನಿಗಾಗಿ ಕಾದಿತ್ತು. ಕ್ರಿಸ್ ಬಾರ್ಬರ್, ಮಾಂಟಿ ಸನ್‌ಶೈನ್, ಲಾನಿ ಡಾನಿಗನ್—ಮುಂದೆ ಮನೆಮಾತಾದ ಹೆಸರುಗಳೆಲ್ಲ ಅದರಲ್ಲಿದ್ದವು. ಆದರೆ ನ್ಯೂ ಆರ್ಲಿಯನ್ಸಿನಲ್ಲಿ ಕಿವಿಯಾರೆ ಕೇಳಿದ ಶೈಲಿಯಿಂದ ಕೂದಲೆಳೆಯಷ್ಟೂ ಕದಲಲು ಕಾಲ್ಯರ್ ಒಪ್ಪಲಿಲ್ಲ. ಒಬ್ಬನೇ ಮೆರೆಯುವುದು ಆತನಿಗೆ ಹಿಡಿಸದು. ಎಲ್ಲರೂ ಹೆಣೆದುಕೊಂಡು ನುಡಿಯಬೇಕು. (ಕಹಳೆಗಾರರಲ್ಲಿ ಈ ಗುಣ ಅಪರೂಪ!) 1954ರಲ್ಲಿ ಮೇಳ ಒಡೆಯಿತು. ಉಳಿದವರು ಬಾರ್ಬರನ ಹೆಸರಿನಲ್ಲಿ ಮುಂದುವರಿದು ಹಣವನ್ನೂ ಕೀರ್ತಿಯನ್ನೂ ಕಂಡರು.

ಕಾಲ್ಯರ್ ಹೊಸ ಮೇಳ ಕಟ್ಟಿದ. ಲಂಡನ್ನಿನ ಸ್ಟುಡಿಯೊ 51 ಎಂಬ ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ನುಡಿಸಿದ. ಕಹಳೆಯ ಬಾಯಿಗೆ ಟೋಪಿಯೊಂದನ್ನು ಮರೆಹಿಡಿದು ಹೊಮ್ಮಿಸುತ್ತಿದ್ದ ಆ ಮೆಲುದನಿಗಾಗಿಯೇ ಬರುತ್ತಿದ್ದ ರಸಿಕರಿದ್ದರು. 1988ರಲ್ಲಿ ಆತ ಫ್ರಾನ್ಸಿನಲ್ಲಿ ತೀರಿಕೊಂಡ.