ಬಂದು ಹೋಗುವ ಖರ್ಚು ಯಾರದು?

ಕೊನೆಕೊಯ್ಲಿನ ಕಾಲ ಬಂತೆಂದರೆ ಸಂಘದ ಕಚೇರಿಗೆ ಅಡಿಕೆಯ ಧಾರಣೆ ಕೇಳಲು ಬರುವವರ ಜೊತೆಗೆ ಒಂದು ದೂರನ್ನು ಹೊತ್ತು ಬರುವವರೂ ಇರುತ್ತಾರೆ. ಅಡಿಕೆ ಸುಲಿಯುವ ಯಂತ್ರದವರು ತೂಕದ ಮೇಲೆ ಹಣ ಪಡೆದ ಮೇಲೂ ‘ಗಾಡಿ ಖರ್ಚು’ ಎಂದು ಬೇರೆ ಕೇಳುತ್ತಾರಂತೆ. ಬಂದದ್ದಕ್ಕೂ ದುಡ್ಡು, ಮಾಡಿದ್ದಕ್ಕೂ ದುಡ್ಡು, ಇದು ಯಾವ ನ್ಯಾಯ ಎಂಬುದು ಇವರ ಪ್ರಶ್ನೆ. ಯಂತ್ರದವರೂ ಸುಮ್ಮನಿಲ್ಲ. ಗುಂಡಿ ಬಿದ್ದ ಕಾಡುದಾರಿಯಲ್ಲಿ ಯಂತ್ರವನ್ನು ಎಳೆದುಕೊಂಡು ಹೋಗಿ ಒಂದು ಕ್ವಿಂಟಾಲ್ ಸುಲಿದುಕೊಟ್ಟು ಬಂದರೆ ಉಳಿಯುವುದು ಮೈಮೇಲಿನ ಧೂಳು ಮಾತ್ರ ಎನ್ನುತ್ತಾರೆ. ದೋಟಿಯ ತಂಡದವರು, ಪಂಪು ರಿಪೇರಿಯವರು, ಕಳೆ ಕತ್ತರಿಸುವವರು, ಎಲ್ಲರದೂ ಇದೇ ತಕರಾರು. ಪೇಟೆಗಳಲ್ಲಿ ಮನೆಬಾಗಿಲಿಗೇ ಬಂದು ಕಾರು ತೊಳೆದು ಹೊಳಪು ಕೊಟ್ಟು ಹೋಗುವ ಕಸುಬು ಶುರುವಾಗಿದೆ. ಅಲ್ಲಿಯೂ ತೊಳೆಯುವ ದರಕ್ಕಿಂತ ಬರುವ ದರದ ಮೇಲೆಯೇ ಚೌಕಾಸಿ ಹೆಚ್ಚೆಂದು ಕೇಳಿದ್ದೇವೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಗಾಡಿ ಖರ್ಚು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನು ಯಂತ್ರ ಅಂಗಳಕ್ಕೆ ಬರುವ ಮೊದಲೇ ಬಾಯಿಬಿಟ್ಟು ಹೇಳಬೇಕು. ಮತ್ತು ಒಂದು ಕೇರಿಯವರು ಅದನ್ನು ಕೂಡಿ ಹೊರಬೇಕು.

ಬಂದು ಹೋಗುವುದಕ್ಕೂ ಬೆಲೆ ಇದೆ ಎಂಬುದು ನಮ್ಮ ಹಿರಿಯರಿಗೆ ತಿಳಿಯದ ಸಂಗತಿಯಲ್ಲ. ನಾಟಿ ಪಂಡಿತರನ್ನು ಕರೆಸಬೇಕಾದರೆ ಗಾಡಿ ಕಟ್ಟಿ ಕಳಿಸುತ್ತಿದ್ದರು. ಪುರೋಹಿತರಿಗೆ ದಕ್ಷಿಣೆಯ ಜೊತೆ ದಾರಿ ಖರ್ಚೂ ಸಲ್ಲುತ್ತಿತ್ತು. ಕ್ಷೌರಿಕರಿಗೆ, ಕಮ್ಮಾರರಿಗೆ ವರ್ಷಕ್ಕಿಷ್ಟು ಭತ್ತವೆಂದು ಅಳೆದುಕೊಡುವಾಗ ಅವರ ನಡಿಗೆಯೂ ಅದರಲ್ಲೇ ಸೇರಿರುತ್ತಿತ್ತು. ಇನ್ನು ಅಡಿಕೆ ಸುಲಿತದ ಮಾತು. ಮೆಟ್ಟುಗತ್ತಿಯ ಮೇಲೆ ಕುಳಿತು ನಡುರಾತ್ರಿಯವರೆಗೆ ಸುಲಿಯುತ್ತಿದ್ದ ಹೆಂಗಸರು ಅಕ್ಕಪಕ್ಕದ ಕೇರಿಗಳಿಂದ ನಡೆದೇ ಬರುತ್ತಿದ್ದರು. ಆ ಬಂದು ಹೋಗುವ ಖರ್ಚು ಅವರ ಕಾಲಿನ ಮೇಲೆ ಬೀಳುತ್ತಿದ್ದುದರಿಂದ ಯಾವ ಪುಸ್ತಕದಲ್ಲೂ ಬರೆಯಲ್ಪಡಲಿಲ್ಲ. ಈಗ ಯಂತ್ರ ಪಿಕಪ್ ವಾಹನದ ಮೇಲೆ ದೂರದಿಂದ ಬರುತ್ತದೆ, ಡೀಸೆಲ್ ಕುಡಿಯುತ್ತದೆ. ಆದ್ದರಿಂದಲೇ ಖರ್ಚು ಕಣ್ಣಿಗೆ ಕಾಣುತ್ತಿದೆ. ಕಾಫಿ ಸೀಮೆಯ ತೋಟಗಳವರು ಕೆಲಸದವರನ್ನು ದೂರದಿಂದ ಕರೆತರುವ ಜೀಪಿನ ಬಾಡಿಗೆಯನ್ನು ಎಷ್ಟೋ ಕಾಲದಿಂದ ಕೂಲಿಯ ಹೊರಗೆ ಬೇರೆ ಲೆಕ್ಕವಾಗಿಯೇ ಕೊಡುತ್ತಿದ್ದಾರೆ.

ಕೆಲವು ಯಂತ್ರದವರು ಜಗಳ ಬೇಡವೆಂದು ಗಾಡಿ ಖರ್ಚನ್ನು ಸುಲಿತದ ದರದಲ್ಲೇ ಸೇರಿಸಿ ಎಲ್ಲರಿಗೂ ಒಂದೇ ದರ ಹೇಳುವುದುಂಟು. ಕೇಳಲು ಹಿತವಾಗಿದೆ. ಆದರೆ ಇದರಲ್ಲಿ ರಸ್ತೆ ಬದಿಯ ಮನೆಯವನು ತನಗೆ ಸಂಬಂಧವಿಲ್ಲದ ದಾರಿಯ ಖರ್ಚನ್ನು ತೆರುತ್ತಾನೆ, ಅದೂ ತಿಳಿಯದೆ. ಒಳಗಿನ ಮನೆಯವನಿಗಾದರೂ ಲಾಭವಾಯಿತೇ ಎಂದರೆ ಅದೂ ಇಲ್ಲ. ಒಂದೇ ದರವಾದರೆ ಯಂತ್ರದವನು ಹತ್ತಿರದ, ಹೆಚ್ಚು ಅಡಿಕೆಯ ಮನೆಗಳನ್ನು ಮೊದಲು ಮುಗಿಸುತ್ತಾನೆ. ದೂರದವನಿಗೆ ‘ನಾಳೆ’, ‘ನಾಡಿದ್ದು’. ನಮ್ಮದು ಹಸಿ ಅಡಿಕೆಯ ಸೀಮೆ. ಕೊಯ್ದದ್ದನ್ನು ಬೇಗ ಸುಲಿದು ಬೇಯಿಸಿ ಚೊಗರು ಹಾಕಿ ಒಣಗಿಸದಿದ್ದರೆ ಬಣ್ಣ ಕೆಟ್ಟು ಧಾರಣೆ ಇಳಿಯುತ್ತದೆಂಬುದನ್ನು ಬೆಳೆಗಾರ ಬಾಂಧವರಿಗೆ ವಿವರಿಸಬೇಕಿಲ್ಲ. ಗಾಡಿ ಖರ್ಚಿನಲ್ಲಿ ಉಳಿಸಿದ್ದಕ್ಕಿಂತ ಹೆಚ್ಚು ರಾಶಿಯಲ್ಲೇ ಹೋಗುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಕೇವಲ ಉದಾಹರಣೆಗೆ. ಸದಸ್ಯರು ತಮ್ಮ ತಮ್ಮ ಊರಿನ ಅಂಕಿ ಹಾಕಿಕೊಳ್ಳಬಹುದು. ಯಂತ್ರ ಇರುವಲ್ಲಿಂದ ಕೇರಿಗೆ 20 ಕಿಲೋಮೀಟರ್, ಹೋಗಿ ಬರಲು 40. ಲೀಟರಿಗೆ 10 ಕಿಲೋಮೀಟರಿನಂತೆ 4 ಲೀಟರ್ ಡೀಸೆಲ್, 90 ರೂಪಾಯಿಯಂತೆ 360 ರೂ. ಮೂವರು ಆಳು, ದಾರಿಯಲ್ಲಿ ಎರಡು ಗಂಟೆ; ಗಂಟೆಗೆ 100 ರೂಪಾಯಿಯಂತೆ 600 ರೂ. ಟೈರು, ಸವಕಳಿಗೆಂದು 240 ರೂ. ಒಟ್ಟು 1200 ರೂ. ಇದರಲ್ಲಿ ಡೀಸೆಲ್‌ನ ಪಾಲು ಮೂರನೆಯ ಒಂದಕ್ಕಿಂತ ಕಡಿಮೆ ಎಂಬುದನ್ನು ಗಮನಿಸಬೇಕು. ‘ಡೀಸೆಲ್ ಹಣ ಕೊಟ್ಟೆನಲ್ಲ’ ಎನ್ನುವವರು ದಾರಿಯಲ್ಲಿ ಕಳೆದ ಮೂವರ ಹೊತ್ತನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಈಗ ಒಂದು ಕ್ವಿಂಟಾಲ್ ಹಸಿ ಅಡಿಕೆ ಇರುವ ಸಣ್ಣ ಹಿಡುವಳಿದಾರ ಒಬ್ಬನೇ ಯಂತ್ರ ಕರೆಸಿದರೆ 1200 ರೂಪಾಯಿ ಪೂರ್ತಿ ಅವನದೇ, ಅಂದರೆ ಕಿಲೋಗೆ 12 ರೂ. ಅದೇ ಕೇರಿಯ ನಾಲ್ಕು ಮನೆಯವರು, 8, 4, 2 ಮತ್ತು 1 ಕ್ವಿಂಟಾಲ್ ಇರುವವರು, ಒಂದೇ ದಿನ ಕರೆಸಿದರೆ? ಮನೆಗೆ ಇಷ್ಟೆಂದು ಸಮನಾಗಿ ಹಂಚಿದರೆ ತಲಾ 300 ರೂ. ತೂಕದ ಮೇಲೆ ಹಂಚಿದರೆ ಕ್ವಿಂಟಾಲಿಗೆ 80 ರೂ.ನಂತೆ ದೊಡ್ಡ ಮನೆಗೆ 640, ಸಣ್ಣವನಿಗೆ 80.

ಇವೆರಡರಲ್ಲಿ ಯಾವುದು ಸರಿ ಎಂಬ ಬಗ್ಗೆ ನಮ್ಮಲ್ಲೇ ಚರ್ಚೆಯಾಗಿದೆ. ಮುಖ್ಯರಸ್ತೆಯಿಂದ ಕೇರಿಯ ಕೂಡುದಾರಿಯವರೆಗಿನ ಖರ್ಚನ್ನು ತೂಕದ ಮೇಲೆ ಹಂಚಿಕೊಳ್ಳುವುದು, ಅಲ್ಲಿಂದ ಅವರವರ ಮನೆಯ ಒಳದಾರಿಯ ಖರ್ಚನ್ನು ಅವರವರೇ ಹೊರುವುದು ನ್ಯಾಯವೆಂದು ನಮಗೆ ತೋರುತ್ತದೆ. ಒಳದಾರಿಯ ಗುಂಡಿ ಮುಚ್ಚಿಸಿಕೊಂಡವನಿಗೆ ಇದರಿಂದ ಲಾಭ. ಮುಚ್ಚಿಸದವನು ಟೈರಿನ ಹಣ ಕೊಡಲಿ. ಎಂಟು ಕ್ವಿಂಟಾಲಿನವರು ‘ನಮಗೆ 640 ಏಕೆ, ಗಾಡಿ ಎಲ್ಲರಿಗೂ ಒಂದೇ ತಾನೆ’ ಎನ್ನಬಹುದು. ಒಬ್ಬರೇ ಕರೆಸಿದ್ದರೆ ಅವರಿಗೂ 1200 ಆಗುತ್ತಿತ್ತು.

‘ಕಾರ್ಡು ಹಾಕಿದರೆ ದೂರ ಹತ್ತಿರ ನೋಡದೆ ಒಂದೇ ದರದಲ್ಲಿ ಹೋಗುವುದಿಲ್ಲವೇ, ಯಂತ್ರಕ್ಕೂ ಹಾಗೇ ಮಾಡಿ’ ಎಂದು ಹಿರಿಯ ಸದಸ್ಯರೊಬ್ಬರು ವಾದಿಸಿದರು. ಒಳ್ಳೆಯ ವಾದವೇ. ನಮ್ಮ ದೇಶದಲ್ಲಿ 1854ರಿಂದ ದೂರ ನೋಡದೆ ತೂಕದ ಮೇಲೆ ಅಂಚೆ ದರ ನಿಗದಿಯಾಯಿತು. ಆದರೆ ಒಂದು ಚೀಲದಲ್ಲಿ ಸಾವಿರ ಕಾಗದ ಹೋಗುವಾಗ ಒಂದೊಂದರ ದಾರಿ ಖರ್ಚು ಲೆಕ್ಕಕ್ಕೆ ಸಿಗದಷ್ಟು ಚಿಕ್ಕದಾಗುತ್ತದೆ. ಹಾಲಿನ ಗಾಡಿಯೂ ಹಾಗೆಯೇ, ದಿನವೂ ಅದೇ ದಾರಿಯಲ್ಲಿ ಬರುತ್ತದೆ. ಸುಲಿಯುವ ಯಂತ್ರ ಒಂದು ಕೇರಿಗೆ ವರ್ಷದಲ್ಲಿ ನಾಲ್ಕಾರು ಸಲ ಬಂದರೆ ಹೆಚ್ಚು. ಅದನ್ನು ಅಂಚೆಯ ಚೀಲದಂತೆ ಮಾಡಬೇಕಾದರೆ ಮೊದಲು ಚೀಲ ತುಂಬಬೇಕು, ಅಂದರೆ ಕರೆಯುವವರು ಕೂಡಬೇಕು.

ಹೆಗ್ಗೋಡಿನವರಿಗೆ ಇದನ್ನು ಹೊರಗಿನಿಂದ ಯಾರೂ ಬಂದು ಕಲಿಸಬೇಕಿಲ್ಲ. ನೀನಾಸಮ್‌ನ ‘ತಿರುಗಾಟ’ 1985ರಿಂದ ನಮ್ಮ ಕಣ್ಣೆದುರಿನಲ್ಲೇ ಹೊರಡುತ್ತಿದೆ. ವೇಷಭೂಷಣ, ರಂಗಸಜ್ಜಿಕೆ, ದೀಪ, ಕಲಾವಿದರು ಎಲ್ಲ ಸೇರಿ ಹೊರಟವರು ಒಂದೂರಿನ ನಾಟಕ ಮುಗಿಸಿ ಮುಂದಿನ ಊರಿಗೆ ಹೋಗುತ್ತಾರೆಯೇ ಹೊರತು ಪ್ರತಿ ಆಟಕ್ಕೂ ಹೆಗ್ಗೋಡಿಗೆ ಮರಳಿ ಮತ್ತೆ ಹೊರಡುವುದಿಲ್ಲ. ಯಕ್ಷಗಾನ ಮೇಳದವರ ಕ್ರಮವೂ ಇದೇ. ನಮ್ಮ ಯಂತ್ರಗಳೋ ಬೆಳಿಗ್ಗೆ ಪುರಪ್ಪೆಮನೆ ಕಡೆ, ಮಧ್ಯಾಹ್ನ ಕೆಳದಿ ಕಡೆ, ಮರುದಿನ ಮತ್ತೆ ಪುರಪ್ಪೆಮನೆ ಎಂದು ಫೋನು ಬಂದ ಕಡೆಗೆ ಓಡುತ್ತಿವೆ. ಆ ಓಡಾಟದ ಡೀಸೆಲ್ ಕೊನೆಗೆ ಯಾರ ಕಿಸೆಯಿಂದ ಹೋಗುತ್ತದೆ?

ತುಮರಿ ಕಡೆಯ ಸದಸ್ಯರ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಲಿಂಗನಮಕ್ಕಿಯ ಹಿನ್ನೀರು ನಿಂತಲ್ಲಿಂದ ಆ ಭಾಗಕ್ಕೆ ಹೋಗುವ ಯಂತ್ರ ಹೊಳೆಬಾಗಿಲಿನಲ್ಲಿ ಲಾಂಚಿಗಾಗಿ ಕಾಯಬೇಕಿತ್ತು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಅಂದು ಅಲ್ಲೇ ವಸತಿ. ಆಗ ಕಾಯುವ ಹೊತ್ತಿಗೂ ಹಣ ಕೇಳುತ್ತಿದ್ದುದರಲ್ಲಿ ಅರ್ಥವಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ ಸಂಚಾರಕ್ಕೆ ತೆರೆದಿದೆ. ಎರಡೂವರೆ ಕಿಲೋಮೀಟರಿಗೆ ತುಸು ಕಡಿಮೆ ಉದ್ದದ ಆ ಸೇತುವೆಯನ್ನು ದಾಟಲು ಐದು ನಿಮಿಷ ಸಾಕು. ಲಾಂಚಿನ ಕಾಲದ ದರವನ್ನೇ ಈಗಲೂ ಯಾರಾದರೂ ಕೇಳಿದರೆ ಅಲ್ಲಿಯ ಸದಸ್ಯರು ಕೊಡಬೇಕಾಗಿಲ್ಲ. ಖರ್ಚನ್ನು ಬೇರೆಯಾಗಿ ತೋರಿಸಬೇಕೆಂದು ನಾವು ಹೇಳುವುದು ಇದಕ್ಕಾಗಿಯೂ ಹೌದು: ಸುಲಿತದ ದರದೊಳಗೆ ಕರಗಿಹೋದ ಲಾಂಚಿನ ಹಣವನ್ನು ಹೊರಗೆ ತೆಗೆಯುವುದು ಯಾರಿಂದ ಸಾಧ್ಯ?

ಕೊಳೆ ಔಷಧಿ ಹೊಡೆಯುವ ತಂಡಗಳ ಕಥೆ ಸ್ವಲ್ಪ ಬೇರೆ. ಅಲ್ಲಿ ದೂರಕ್ಕಿಂತ ಮಳೆಯದೇ ತೊಂದರೆ. ತಂಡ ದೋಟಿ, ಪಂಪು ಸಮೇತ ಬಂದು, ಬೋರ್ಡೋ ದ್ರಾವಣ ಕಲಸುವ ಹೊತ್ತಿಗೆ ಮಳೆ ಹಿಡಿದರೆ ಕೆಲಸವಿಲ್ಲ, ಆದರೆ ಬಂದದ್ದಂತೂ ಆಯಿತು. ಬೆಳಿಗ್ಗೆ ಫೋನಿನಲ್ಲಿ ‘ಬನ್ನಿ, ಹೊಳವಾಗಿದೆ’ ಎಂದು ತೋಟದವರು ಹೇಳಿ ಕರೆಸಿದ್ದರೆ ಆ ದಿನದ ಗಾಡಿ ಖರ್ಚು ತೋಟದವರದು. ಕೇಳದೆ ತಾವೇ ಹೊರಟು ಬಂದಿದ್ದರೆ ತಂಡದವರದು. ನೆಟ್‌ವರ್ಕ್ ಸಿಗದ ಮನೆಗಳವರು ಹಿಂದಿನ ಸಂಜೆಯೇ ಗುಡ್ಡ ಹತ್ತಿ ಮಾತು ಮುಗಿಸಿಕೊಳ್ಳುವುದು ಕ್ಷೇಮ. ಊಟ, ಕಾಫಿಯನ್ನು ಗಾಡಿ ಖರ್ಚಿನಲ್ಲಿ ವಜಾ ಹಾಕಿಕೊಳ್ಳುವ ಪರಿಪಾಠ ಒಂದೆರಡು ಕಡೆ ಶುರುವಾಗಿದೆಯೆಂದು ತಿಳಿದು ಬೇಸರವಾಯಿತು. ಮಲೆನಾಡಿನಲ್ಲಿ ಬಂದವರಿಗೆ ಬಡಿಸಿದ್ದನ್ನು ಬರೆದಿಡುವ ಪದ್ಧತಿ ಇರಲಿಲ್ಲ.

ಈ ವರ್ಷದಿಂದ ಸಂಘದ ಕಚೇರಿಯಲ್ಲಿ ಕೇರಿವಾರು ಒಂದು ಪುಸ್ತಕ ಇಡಬೇಕೆಂಬುದು ನಮ್ಮ ಸಲಹೆ. ಕೊನೆಕೊಯ್ಲಿಗೆ ದಿನ ಗೊತ್ತು ಮಾಡಿದವರು ತಮ್ಮ ಹೆಸರು, ಅಂದಾಜು ತೂಕ, ಕೂಡುದಾರಿಯಿಂದ ಮನೆಗೆ ಇರುವ ದೂರ, ಇವಿಷ್ಟನ್ನು ವಾರ ಮುಂಚಿತವಾಗಿ ಬರೆಸಲಿ. ಯಂತ್ರದವರೂ ತಮ್ಮ ಸುಲಿತದ ದರ ಮತ್ತು ಕಿಲೋಮೀಟರಿನ ದರವನ್ನು ಎರಡು ಬೇರೆ ಕಾಲಮಿನಲ್ಲಿ ಬರೆದು ಸಹಿ ಮಾಡಲಿ. ಒಂದೇ ಕೇರಿಯಿಂದ ಮೂರು ಹೆಸರು ಬಂದೊಡನೆ ದಿನ ನಿಗದಿ ಮಾಡಿ ಎಲ್ಲರಿಗೂ ತಿಳಿಸುವುದು ಕಚೇರಿಯ ಕೆಲಸ. ಇದಕ್ಕೆ ಸಂಘ ಕಮಿಷನ್ ತೆಗೆದುಕೊಳ್ಳಬೇಕಾಗಿಲ್ಲ. ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ವಿಷಯ ಚರ್ಚೆಗೆ ಬರಲಿದೆ. ತೂಕದ ಮೇಲಿನ ಹಂಚಿಕೆಗೆ ಆಕ್ಷೇಪಣೆ ಇರುವ ಸದಸ್ಯ ಬಾಂಧವರು ಅದಕ್ಕೆ ಮೊದಲೇ ಬರವಣಿಗೆಯಲ್ಲಿ ತಿಳಿಸಬೇಕಾಗಿ ಕೋರುತ್ತೇವೆ.