ಕಡಲಿಗೆ ಮೂರು ದಿನ, ಐಹೊಳೆಗೆ ಮುಕ್ಕಾಲು ಗಂಟೆ

ದಸರೆಯ ರಜೆ ಬಂತೆಂದರೆ ನಮ್ಮ ಮಧ್ಯಮ ವರ್ಗದ ಸಂಸಾರಗಳು ಕಡಲ ದಾರಿ ಹಿಡಿಯುತ್ತವೆ. ಗೋಕರ್ಣವೋ, ಮುರುಡೇಶ್ವರವೋ, ಮಲ್ಪೆಯೋ, ಕೈಯಲ್ಲಿ ಇನ್ನೂ ನಾಲ್ಕು ಕಾಸಿದ್ದರೆ ಗೋವೆಯೋ. ಎಲ್ಲಿಗೇ ಹೋಗಲಿ, ಅಲ್ಲಿ ಮೂರು ದಿನದ ಬೀಡು. ಬೆಳಿಗ್ಗೆ ಮರಳಿನ ಮೇಲೆ ನಡಿಗೆ, ಮಧ್ಯಾಹ್ನ ಹೋಟೆಲಿನಲ್ಲಿ ಊಟ, ಸಂಜೆ ಮತ್ತೆ ಅದೇ ಮರಳು, ರಾತ್ರಿ ಇನ್ನೊಂದು ಹೋಟೆಲು. ಇದರಲ್ಲಿ ತಪ್ಪೇನೂ ಇಲ್ಲ. ವರ್ಷವಿಡೀ ದುಡಿದ ಗೃಹಸ್ಥನಿಗೂ ಅವನಿಗಿಂತ ಹೆಚ್ಚು ದುಡಿದ ಗೃಹಿಣಿಗೂ ಏನೂ ಮಾಡದೆ ಕುಳಿತುಕೊಳ್ಳುವ ಹಕ್ಕು ಉಂಟು. ನನ್ನ ತಕರಾರು ಕಡಲಿನ ಮೇಲಲ್ಲ. ಅದೇ ಸಂಸಾರ ಐಹೊಳೆಗೆ ಬಂದಾಗ ತೋರುವ ಆತುರದ ಮೇಲೆ.

ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಒಂದೇ ದಿನದಲ್ಲಿ ‘ಮುಗಿಸುವುದು’ ನಮ್ಮವರ ರೂಢಿ. ಆ ಮಾತನ್ನೇ ಗಮನಿಸಿ. ಕಡಲನ್ನು ಯಾರಾದರೂ ಮುಗಿಸುತ್ತಾರೆಯೆ? ಐಹೊಳೆಗೆ ಬರುವ ಹೊತ್ತಿಗೆ ಮಕ್ಕಳು ದಣಿದಿರುತ್ತಾರೆ. ದುರ್ಗದ ಗುಡಿಯ ಮುಂದೆ ಒಂದು ಚಿತ್ರ, ‘ಇದು ದೇವಾಲಯ ವಾಸ್ತುಶಿಲ್ಪದ ತೊಟ್ಟಿಲು’ ಎಂದು ತಂದೆಯವರ ಒಂದು ವಾಕ್ಯ, ಗಾಡಿ ಹೊರಟಿತು. ತೊಟ್ಟಿಲು ನೋಡಲು ಬಂದವರು ಕೂಸಿನ ಮುಖ ನೋಡದೆ ಹೊರಡುವುದುಂಟೆ?

‘ಬರಿಯ ಕಲ್ಲುಗಳ ನಡುವೆ ಮೂರು ದಿನ ಮಾಡುವುದೇನು ಸ್ವಾಮಿ?’ ಎಂದು ಕೇಳುವವರಿದ್ದಾರೆ. ಕಡಲ ದಂಡೆಯಲ್ಲಿ ಮಾಡುವುದನ್ನೇ ಮಾಡಿ ಎಂದು ನನ್ನ ಉತ್ತರ. ನಡೆಯಿರಿ, ಕುಳಿತುಕೊಳ್ಳಿ, ನೋಡಿದ್ದನ್ನೇ ಮತ್ತೆ ನೋಡಿ. ಇಲ್ಲಿ ಮಲಪ್ರಭೆಯ ದಂಡೆಯಿದೆ, ನೂರಕ್ಕೂ ಮಿಕ್ಕಿದ ಗುಡಿಗಳಿವೆ. ಲಾಡಖಾನನ ಗುಡಿಯ ಮಾಳಿಗೆಯಲ್ಲಿ ಚಪ್ಪಡಿಗಳ ಸಂದಿಯನ್ನು ಮರದ ತೊಲೆಯಂಥ ಉದ್ದ ಕಲ್ಲುಗಳಿಂದ ಮುಚ್ಚಿರುವುದನ್ನು ಮಕ್ಕಳೇ ಕಂಡುಹಿಡಿಯಲಿ. ರಾವಣಫಡಿಯ ನಟರಾಜನ ತೋಳುಗಳನ್ನು ಅವರೇ ಎಣಿಸಲಿ. ಬಿಸಿಲೆನ್ನುವಿರಾ? ಪುಷ್ಯ ಮಾಸದಲ್ಲಿ ಬನ್ನಿ. ಊಟವೆನ್ನುವಿರಾ? ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆನೆಮೊಸರು ಬಡಿಸುವ ಈ ಸೀಮೆಯ ಖಾನಾವಳಿಗೆ ಯಾವ ಕಡಲ ಹೋಟೆಲು ಸಮ?

ಇನ್ನು, ಕಡಲೇ ಬೇಕೆಂಬವರಿಗೆ ಒಂದು ಮಾತು. ಐಹೊಳೆಯಲ್ಲಿ ಕಡಲೂ ಇದೆ. ಮೇಗುತಿ ಬೆಟ್ಟ ಹತ್ತಿ ನೋಡಿ. ಕ್ರಿ.ಶ. 634ರಲ್ಲಿ ರವಿಕೀರ್ತಿ ಬರೆದ ಸಂಸ್ಕೃತ ಪ್ರಶಸ್ತಿ ಅಲ್ಲಿನ ಜಿನಾಲಯದ ಗೋಡೆಯ ಮೇಲಿದೆ. ಪಡುಗಡಲ ಲಕ್ಷ್ಮಿಯಂತಿದ್ದ ಪುರಿಯನ್ನು ಇಮ್ಮಡಿ ಪುಲಕೇಶಿ ನೂರಾರು ನಾವೆಗಳಿಂದ ಮುತ್ತಿದನೆಂದು ಆ ಕವಿ ಹೇಳುತ್ತಾನೆ. ಈ ಊರಿನ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರೆಂಬ ವರ್ತಕರ ಸಂಘ ಕಡಲಾಚೆಗೂ ವ್ಯಾಪಾರ ಬೆಳೆಸಿತು. ಸುಮಾತ್ರಾದ ಬಾರುಸ್ ತೀರದಲ್ಲಿ ಐನೂರ್ವರ 1088ರ ತಮಿಳು ಶಾಸನ ದೊರೆತಿದೆ. ತರಗತಿಯಲ್ಲಿ ಇದನ್ನು ಹೇಳಿದಾಗ ನನ್ನ ವಿದ್ಯಾರ್ಥಿಗಳು ಕಣ್ಣರಳಿಸುತ್ತಾರೆ. ಅವರಲ್ಲಿ ಅನೇಕರು ಐಹೊಳೆಯನ್ನು ‘ನೋಡಿದವರೇ’!

ಇದು ಬರಿಯ ರಸಿಕತೆಯ ಪ್ರಶ್ನೆಯಲ್ಲ. ಕಡಲೂರಿನಲ್ಲಿ ಮೂರು ದಿನ ತಂಗುವವನ ದುಡ್ಡು ದೋಣಿಯವನಿಗೆ, ಎಳನೀರಿನವಳಿಗೆ, ಅಡಿಗೆಯವನಿಗೆ ಹಂಚಿಹೋಗುತ್ತದೆ. ಐಹೊಳೆಯಲ್ಲಿ ಮುಕ್ಕಾಲು ಗಂಟೆ ನಿಂತವನು ಬಿಟ್ಟುಹೋಗುವುದು ಖಾಲಿ ನೀರಿನ ಬಾಟಲಿಯನ್ನು. ಗುಡಿಗಳಿಗೆ ಆತುಕೊಂಡೇ ಅಲ್ಲಿ ಮನೆಗಳಿವೆ. ಲಾಡಖಾನನೆಂಬವನು ವಾಸವಿದ್ದುದರಿಂದಲೇ ಒಂದು ಗುಡಿಗೆ ಅವನ ಹೆಸರು ಬಂತು. ಈಗ ಗುಡಿಗಳ ರಕ್ಷಣೆಗಾಗಿ ಜನರನ್ನು ಬೇರೆಡೆಗೆ ಸಾಗಿಸುವ ಮಾತು ಬಹುಕಾಲದಿಂದ ನಡೆದಿದೆ. ಕಲ್ಲುಗಳನ್ನು ಕಾಯಬೇಕು, ನಿಜ. ಆದರೆ ಗುಡಿಗಳಿಂದ ಮೂರು ಕಾಸಿನ ಲಾಭ ಕಾಣದವರಿಗೆ, ಗುಡಿಗಳಿಗಾಗಿ ಮನೆ ಬಿಡಿ ಎಂದು ಯಾವ ಬಾಯಿಂದ ಹೇಳುವುದು? ‘ತಂಗಲು ಅನುಕೂಲವಿಲ್ಲ’ ಎಂಬುದು ನಮ್ಮವರ ಕೊನೆಯ ನೆಪ. ಅಲ್ಲಿಯವರೆಗೆ ಬಾದಾಮಿಯಿದೆ, ಸುಮಾರು 35 ಕಿಲೋಮೀಟರ್ ದಾರಿ. ತಂಗುವವರು ಬಂದರೆ ಐಹೊಳೆಯ ಮನೆಗಳಲ್ಲೇ ಒಂದು ಕೋಣೆ, ಒಂದು ಊಟ ಸಿದ್ಧವಾಗುತ್ತದೆ. ಗೋಕರ್ಣದಲ್ಲಿ ಕೋಣೆಗಳು ಅತಿಥಿಗಳಿಗಾಗಿ ಹುಟ್ಟಿದುವೇ ಹೊರತು ಅಲೆಗಳಿಗಾಗಿ ಅಲ್ಲ.

ಕಡಲಿಗೆ ಹೋಗುವುದನ್ನು ಬಿಡಿ ಎಂದು ನಾನು ಹೇಳಲಾರೆ. ಅಲ್ಲಿ ನೀವು ಕಲಿತ ಸೋಮಾರಿತನವನ್ನು ಒಮ್ಮೆ ಇಲ್ಲಿಗೂ ತನ್ನಿ. ಹದಿಮೂರು ಹದಿನಾಲ್ಕು ಶತಮಾನ ಕಾದು ನಿಂತ ಕಲ್ಲುಗಳಿಗೆ ನಿಮ್ಮ ಮೂರು ದಿನ ದುಬಾರಿಯ ಬೆಲೆಯೇನಲ್ಲ.